ಹೂಂಗುಟ್ಟುವ ಎದೆ

ಇನ್ನೂ ಬಾರದ ಕಾಲದಲ್ಲಿ, ಆದರೆ ನಮ್ಮ ಹೊಸಿಲಿನ ಹೊರಗೇ ಚಪ್ಪಲಿ ಬಿಡುತ್ತಿರುವಷ್ಟು ಹತ್ತಿರದ ಕಾಲದಲ್ಲಿ, ಹರಿಹರದಲ್ಲಿ ಹಾಲಮ್ಮ ಎಂಬ ಅಜ್ಜಿ ಇದ್ದಳು.

ಹಾಲಮ್ಮನ ಕಥೆಗಳಿಗೆ ಒಂದು ಕಟ್ಟಳೆ. ಕೇಳುವವರು ಮಾತು ಮಾತಿಗೂ ‘ಹೂಂ’ ಅನ್ನಬೇಕು. ಹೂಂ ನಿಂತಿತೋ, ಕಥೆಯೂ ನಿಂತಿತು. ರಾಜಕುಮಾರಿ ಬಾವಿಕಟ್ಟೆಯ ಮೇಲೆ ಒಂದು ಕಾಲಿಟ್ಟು ನಾಳೆಯ ತನಕ ಹಾಗೇ ನಿಂತಿರಬೇಕು. ಮೊಮ್ಮಗಳು ಇಂಚರ ಚಿಕ್ಕವಳಿದ್ದಾಗ ಇದಕ್ಕೊಂದು ಉಪಾಯ ಕಂಡುಕೊಂಡಿದ್ದಳು. ಅರೆನಿದ್ದೆಯಲ್ಲೇ, ಅಜ್ಜಿ ಉಸಿರೆಳೆದುಕೊಂಡಾಗಲೆಲ್ಲ ‘ಹೂಂ’ ಅಂದುಬಿಡುವುದು. ಅಜ್ಜಿ ಬಿಡುವವಳೇ? ಕಥೆಯ ನಡುವೆ, ಅದೇ ರಾಗದಲ್ಲಿ, ಏನೂ ತಿಳಿಯದವಳ ಹಾಗೆ ಸೇರಿಸುತ್ತಿದ್ದಳು: “ಆಗ ರಾಜನ ಆನೆ ಬಂದು, ಅಟ್ಟದ ಮೇಲೆ ಮೊಟ್ಟೆ ಇಟ್ಟಿತು.”

“ಹೂಂ,” ಅನ್ನುತ್ತಿದ್ದಳು ಇಂಚರ.

ತಲೆಗೊಂದು ಮೊಟಕು ಬೀಳುತ್ತಿತ್ತು. ನಿಜಕ್ಕೂ ಕೇಳುತ್ತಿರುವವರು ಅಲ್ಲಿ ‘ಸುಳ್ಳು’ ಅನ್ನಬೇಕು. ಸುಳ್ಳು ಅಂದರೆ ಎಚ್ಚರವಿದ್ದಾರೆ ಎಂದು ಅರ್ಥ. ಕಥೆ ಮುಂದಕ್ಕೆ ಹೋಗುತ್ತದೆ.

ಇಂಚರಳ ಅಪ್ಪ ಕೊಟ್ರಪ್ಪ ಮೋಟಾರು ಕಟ್ಟುವವನು. ಹರಪನಹಳ್ಳಿ ರಸ್ತೆಯಲ್ಲಿ ಅವನದೊಂದು ರಿವೈಂಡಿಂಗ್ ಅಂಗಡಿ. ಬೋರಿನ ಮೋಟಾರು, ಹಿಟ್ಟಿನ ಗಿರಣಿಯ ಮೋಟಾರು, ಸುಟ್ಟು ಕರಕಲಾದವೆಲ್ಲ ಅವನ ಮುಂದೆ ಬಂದು ಕೂರುತ್ತಿದ್ದವು. ಅವನು ಹಳೆಯ ತಾಮ್ರದ ತಂತಿ ಕಿತ್ತು, ಹೊಸದು ಸುತ್ತಿ, ವಾರ್ನಿಷ್ ಬಳಿದು ಒಣಗಿಸಿ ಕೊಡುತ್ತಿದ್ದ. ಮೋಟಾರಿಗೆ ಏನು ಕಾಯಿಲೆ ಎಂದು ತಿಳಿಯಲು ಮೀಟರಿಗಿಂತ ಮೊದಲು ಅವನು ಕೈಗೆತ್ತಿಕೊಳ್ಳುತ್ತಿದ್ದುದು ಮೊಳದುದ್ದದ ಒಂದು ಸ್ಕ್ರೂಡ್ರೈವರನ್ನು. ಅದರ ತುದಿಯನ್ನು ಓಡುತ್ತಿರುವ ಮೋಟಾರಿನ ಮೇಲಿಟ್ಟು, ಮರದ ಹಿಡಿಗೆ ಕಿವಿ ಕೊಟ್ಟು ಕಣ್ಣು ಮುಚ್ಚಿದನೆಂದರೆ, ಬೇರಿಂಗ್ ಹೋಗಿದೆಯೋ, ನೀರಿಲ್ಲದೆ ಬರಿದೇ ತಿರುಗಿದೆಯೋ ಹೇಳಿಬಿಡುತ್ತಿದ್ದ.

ಐವತ್ತಾರಕ್ಕೆ ಅವನ ಎದೆಯ ಮೋಟಾರೇ ಕೈಕೊಟ್ಟಿತು. ಹೃದಯದ ಎಡಗಡೆಯ ಕೋಣೆ ಹಿಗ್ಗಿ, ಹಳೆಯ ಚೀಲದಂತೆ ಜೋತುಬಿದ್ದಿತ್ತು. ರಕ್ತವನ್ನು ಒತ್ತಿ ಹೊರಗೆ ಕಳಿಸುವ ಕಸುವಿಲ್ಲ. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು, ಮಲಗಿದರೆ ಕೆಮ್ಮು, ಪಾದ ಒತ್ತಿದರೆ ಗುಳಿ. ಉಳಿದ ದಾರಿ ಒಂದೇ: ಬುಗುರಿ.

ಬುಗುರಿ ಎಂದು ಹೆಸರಿಟ್ಟವರು ಜನ. ಆಸ್ಪತ್ರೆಯ ಕಾಗದದಲ್ಲಿ ಅದಕ್ಕೆ ಒಂದೂವರೆ ಸಾಲಿನ ಹೆಸರಿತ್ತು. ನಿಂಬೆಹಣ್ಣಿನ ಗಾತ್ರದ ಪಂಪು. ಒಳಗೊಂದು ಪುಟ್ಟ ಚಕ್ರ, ಅಯಸ್ಕಾಂತದ ಬಲದಿಂದ ಯಾವ ಗೋಡೆಗೂ ತಾಗದೆ, ರಕ್ತದಲ್ಲೇ ತೇಲುತ್ತ ಸುತ್ತುತ್ತದೆ. ಅದನ್ನು ಹೃದಯದ ತುದಿಗೆ ಹೊಲಿಯುತ್ತಾರೆ. ಸೋತ ಕೋಣೆಯಿಂದ ರಕ್ತ ಎಳೆದು ನೇರವಾಗಿ ಮಹಾಧಮನಿಗೆ ತಳ್ಳುವುದು ಅದರ ಕೆಲಸ. ಹೊಟ್ಟೆಯ ಚರ್ಮ ತೂರಿ ಹೊರಬರುವ ಒಂದು ತಂತಿ, ಸೊಂಟಪಟ್ಟಿಯಲ್ಲಿ ಒಂದು ಪೆಟ್ಟಿಗೆ, ಎರಡು ಬ್ಯಾಟರಿ. ಪೆಟ್ಟಿಗೆ ಹಗಲಿರುಳೂ, ಇಂಥ ಪಂಪುಗಳ ಮೇಲೆ ಕಣ್ಣಿಡುವ ದಾವಣಗೆರೆಯ ಹರಿವು ಕೇಂದ್ರದೊಂದಿಗೆ ಮಾತಾಡಿಕೊಂಡಿರುತ್ತದೆ.

ಹಿಂದಿನ ತಲೆಮಾರಿನ ಇಂಥ ಪಂಪುಗಳು ರಕ್ತವನ್ನು ನಲ್ಲಿ ತಿರುವಿಟ್ಟ ಹಾಗೆ ಒಂದೇ ಸಮನೆ ಹರಿಸುತ್ತಿದ್ದವು. ಮನುಷ್ಯ ನಡೆಯುತ್ತಾನೆ, ನಗುತ್ತಾನೆ, ಉಣ್ಣುತ್ತಾನೆ. ಮಿಡಿತ ಮಾತ್ರ ಇಲ್ಲ. ನೋಡುವವರಿಗೆ ಅದು ಸೋಜಿಗವಾದರೆ ದೇಹಕ್ಕೆ ಸಂಕಟ. ಹುಟ್ಟಿದಾಗಿನಿಂದ ಬಡಿತಕ್ಕೆ ಒಗ್ಗಿಕೊಂಡ ಸಣ್ಣ ರಕ್ತನಾಳಗಳು, ಅದರಲ್ಲೂ ಕರುಳಿನವು, ಬಡಿತವಿಲ್ಲದ ಹರಿವಿನಲ್ಲಿ ಬರಬರುತ್ತ ತೆಳ್ಳಗೆ ಸಿಕ್ಕುಸಿಕ್ಕಾಗಿ ಒಸರತೊಡಗುತ್ತವೆ. ಮಹಾಧಮನಿಯ ಬಾಯಲ್ಲಿರುವ ಕವಾಟ, ತೆರೆಯುವ ಕೆಲಸವೇ ಇಲ್ಲದೆ, ಬಳಸದ ಬಾಗಿಲಿನಂತೆ ಅಂಟಿಕೊಂಡುಬಿಡುತ್ತದೆ. ಬುಗುರಿಯ ಹೆಚ್ಚುಗಾರಿಕೆ ಇದ್ದುದು ಇಲ್ಲೇ. ಅದು ನಿಮಿಷಕ್ಕೆ ಅರವತ್ತು ಸಲ ವೇಗ ತಗ್ಗಿಸಿ, ಏರಿಸಿ, ಹರಿವಿಗೆ ಮಿಡಿತ ಕೊಡುತ್ತಿತ್ತು. ಕೈನಾಡಿಯಲ್ಲಿ ಅಷ್ಟಾಗಿ ಸಿಗದಿದ್ದರೂ ಎದೆಯ ಮೇಲೆ ಅಂಗೈ ಇಟ್ಟರೆ ತಿಳಿಯುತ್ತಿತ್ತು.

ಇಂಚರ ಆ ಹರಿವು ಕೇಂದ್ರದಲ್ಲೇ ಕೆಲಸಕ್ಕಿದ್ದಳು. ಅವಳನ್ನು ಆರಿಸಿ, ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದವಳು ಕೇಂದ್ರದ ಮುಖ್ಯಸ್ಥೆ ಅನಸೂಯ. ಒಳಗೆ ಮೇಡಂ, ಹೊರಗೆ ಅಕ್ಕ. ಆಪರೇಷನ್ನಿಗೆ ಅಜ್ಜಿ ಒಪ್ಪದೆ ಹಟ ಹಿಡಿದಾಗ ಹರಿಹರದ ಮನೆಗೆ ಬಂದು, ಒಲೆಯ ಪಕ್ಕ ಕೂತು, ಎರಡು ರೊಟ್ಟಿ ತಿಂದು ಒಪ್ಪಿಸಿದವಳೂ ಅವಳೇ.

“ಹೂಂ ಅನ್ನದ ಎದೆ ನನ್ನ ಮಗನಿಗೆ ಬ್ಯಾಡ,” ಅಂದಿದ್ದಳು ಹಾಲಮ್ಮ. “ಗೊಂಬಿ ಮಾಡಿ ಕಳಿಸ್ತೀರೇನು?”

ಅನಸೂಯ ಅಜ್ಜಿಯ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು. “ಅಜ್ಜಿ, ಇದು ಹೂಂ ಅಂತೈತೆ. ಅದಕ್ಕೇ ಇದನ್ನ ಹಾಕಿಸ್ತಿರೋದು. ನಾನು ಅಲ್ಲಿರೋ ತನಕ ನಿಮ್ಮ ಮಗನ ಎದೆ ಹೂಂ ಅಂತಿರ್ತೈತೆ. ನನ್ನ ಮಾತು.”

ಹೀಗೆ ಬುಗುರಿ ಬಂತು. ಎರಡು ತಿಂಗಳಲ್ಲಿ ಕೊಟ್ರಪ್ಪ ಅಂಗಡಿಯ ಬಾಗಿಲು ತೆರೆದ. ಅಜ್ಜಿ ದಿನಾ ಬೆಳಿಗ್ಗೆ ಮಗನಿಗೆ ವಿಭೂತಿ ಹಚ್ಚುವ ನೆವದಲ್ಲಿ ಅವನ ಎದೆಯ ಮೇಲೆ ಅಂಗೈ ಇಡುವಳು. ಹೂಂ ಅಂತೈತೆ ಎಂದು ತನಗೆ ತಾನೇ ಹೇಳಿಕೊಂಡು ಒಲೆಯ ಕಡೆ ಹೋಗುವಳು. ಎರಡು ವರ್ಷ ಹೀಗೇ ನಡೆಯಿತು.

ಹರಿವು ಕೇಂದ್ರದ ಗೋಡೆಯ ತುಂಬ ಪರದೆಗಳು. ನಾನೂರ ಹನ್ನೆರಡು ಜನರ ನಾನೂರ ಹನ್ನೆರಡು ಗೆರೆಗಳು, ಹೊಳೆಯ ಮೇಲೆ ಗಾಳಿ ಆಡಿದ ಹಾಗೆ ಎದ್ದು ಬೀಳುತ್ತಿದ್ದವು. ಇಂಚರಳಿಗೆ ಒಂದೊಂದು ಗೆರೆಯೂ ಒಂದೊಂದು ಕಥೆ. ಇದು ಹೊನ್ನಾಳಿಯ ಟೈಲರ್. ಊಟಕ್ಕೆ ಎದ್ದ ಎಂದು ಕಾಣುತ್ತದೆ. ಇದು ವಾಕಿಂಗ್ ಹೋಗದೆಯೇ ಹೋಗಿಬಂದೆ ಎನ್ನುವ ಹಡಗಲಿಯ ಸಾಹುಕಾರ್ತಿ. ಪರದೆ ನೋಡುತ್ತ ಎಲ್ಲೋ ತೇಲಿಹೋದ ಹುಡುಗಿಯ ಮುಖದ ಮುಂದೆ ಅನಸೂಯ ಚಿಟಿಕೆ ಹೊಡೆದು, ಯಾವ ರಾಜ್ಯದಲ್ಲಿದ್ದೀಯ ರಾಜಕುಮಾರಿ ಎಂದು ರೇಗಿಸುವಳು.

ತಿಂಗಳಿಗೊಮ್ಮೆ ಪಂಪು ತಯಾರಿಸುವ ಕಂಪನಿಯಿಂದ ಹೊಸ ಸೂಚನೆಗಳ ಕಟ್ಟು ಬರುತ್ತಿತ್ತು. ಅನಸೂಯ ಓದಿ ಸಾರಾಂಶ ಹೇಳುವಳು. ಇಂಚರ ಅದನ್ನು ಒಬ್ಬೊಬ್ಬರ ಪೆಟ್ಟಿಗೆಗೂ ಕಳಿಸಿ, ತಾನೇ ಕಳಿಸಿದ್ದೆಂದು ಗಾಜಿನ ಮೇಲೆ ಹೆಬ್ಬೆರಳು ಒತ್ತುವಳು. ಯುಗಾದಿಯ ಹೊತ್ತಿಗೆ ಬಂದ ಕಟ್ಟಿನ ಹೆಸರು ‘ಸೌಮ್ಯ’. ಇದರಲ್ಲಿ ಏನಿದೆ ಎಂದು ಇಂಚರ ಕೇಳಿದ್ದಳು. ಬ್ಯಾಟರಿ ಎರಡು ಗಂಟೆ ಹೆಚ್ಚಿಗೆ ಬರುತ್ತೆ, ಜನಕ್ಕೆ ಆರಾಮ, ಎಂದಿದ್ದಳು ಅನಸೂಯ. ಜೊತೆಗೆ ನೂರ ನಲವತ್ತು ಪುಟದ ವಿವರಣೆಯಿತ್ತು. ಇಂಚರ ತೆರೆಯಲಿಲ್ಲ. ಅಕ್ಕ ಓದಿದ್ದಾಳೆಂದ ಮೇಲೆ ಮತ್ತೆ ಓದುವುದೇನು. ನಾನೂರ ಹನ್ನೆರಡು ಸಲ ಹೆಬ್ಬೆರಳು ಒತ್ತಿದಳು. ಇನ್ನೂರ ಏಳನೆಯದು ಅಪ್ಪನದು. ಅದನ್ನು ಒತ್ತುವಾಗ ಮಾತ್ರ ಮನಸ್ಸಿನಲ್ಲೇ ‘ಅಪ್ಪಾಜಿ’ ಅಂದುಕೊಂಡಿದ್ದಳು.

ಬ್ಯಾಟರಿ ನಿಜಕ್ಕೂ ಹೆಚ್ಚಿಗೆ ಬಂತು. ಇನ್ನು ಹೊಸಪೇಟೆಯ ಮದುವೆಗೆ ನಿಶ್ಚಿಂತೆಯಿಂದ ಹೋಗಿಬರಬಹುದೆಂದು ಹೊನ್ನಾಳಿಯ ಟೈಲರ್ ಫೋನು ಮಾಡಿ ಹರಸಿದ. ಹುಬ್ಬು ಗಂಟಿಕ್ಕಿದವನು ಕೊಟ್ರಪ್ಪ ಒಬ್ಬನೇ.

“ಕೆಲಸ ಕಮ್ಮಿ ಆಗದೆ ಕರೆಂಟ್ ಹೆಂಗ್ ಉಳೀತೈತೆ?” ಅಂದ.

ಇದೇನು ನಿಮ್ಮ ಬೋರಿನ ಮೋಟಾರೇ, ದೊಡ್ಡ ದೊಡ್ಡವರು ತಲೆ ಓಡಿಸಿರುತ್ತಾರೆ ಎಂದು ಇಂಚರ ನಕ್ಕಳು.

ದೀಪಾವಳಿ ಹತ್ತಿರ ಬರುವಷ್ಟರಲ್ಲಿ ಅಪ್ಪನ ಮುಖ ಸುಣ್ಣದ ಗೋಡೆಯಾಗಿತ್ತು. ತಂತಿ ಸುತ್ತುತ್ತ ಕೂತಲ್ಲೇ ತೂಕಡಿಕೆ. ಅಜ್ಜಿ ಖರ್ಜೂರ, ನುಗ್ಗೆಸೊಪ್ಪು, ರಾಗಿ ಅಂಬಲಿ ಎಂದು ಬೆನ್ನು ಹತ್ತಿ ತಿನ್ನಿಸಿದಳು. ಹೊಟ್ಟೆಯಿಂದ ಡಾಂಬರಿನಂತೆ ಕಪ್ಪಗೆ ಹೋಗುತ್ತಿದೆ ಎಂಬುದನ್ನು ಅವನು ಹದಿನೈದು ದಿನ ಯಾರಿಗೂ ಹೇಳಲಿಲ್ಲ. ತಾಯಿ, ಮಗಳ ಮುಂದೆ ಅಂಥದ್ದನ್ನೆಲ್ಲ ಆಡುವುದು ಹೇಗೆಂಬ ಸಂಕೋಚ. ಒಂದು ಮಧ್ಯಾಹ್ನ ಅಂಗಡಿಯಲ್ಲಿ ಬಿಚ್ಚಿಟ್ಟ ಮೋಟಾರಿನ ಮೇಲೇ ಕುಸಿದ.

ಆಸ್ಪತ್ರೆಯಲ್ಲಿ ನೋಡಿದರೆ ಮೈಯಲ್ಲಿ ಅರ್ಧಕ್ಕರ್ಧ ರಕ್ತವಿಲ್ಲ. ಮೂರು ಬಾಟಲಿ ಏರಿಸಿದರು. ಕರುಳಿನಲ್ಲಿ ಎರಡು ಕಡೆ ಒಸರುತ್ತಿದ್ದ ನಾಳಗಳನ್ನು ಸುಟ್ಟು ಮುಚ್ಚಿದರು. ಮಿಡಿತವಿರುವ ಪಂಪಿನವರಿಗೆ ಹೀಗಾಗುವುದು ಅಪರೂಪ ಎಂದು ಡಾಕ್ಟರು ತಲೆ ಕೆರೆದುಕೊಂಡರು. ಮತ್ತೆ ಒಸರ್ತಾ ಹೋದರೆ ಎಷ್ಟು ಸಲ ಅಂತ ಸುಡೋದು, ಈ ಮೈ ತಡೆಯುವುದಿಲ್ಲ ಎಂದೂ ಹೇಳಿದರು. ಇಂಚರ ಫೋನಿನಲ್ಲಿ ಇನ್ನೂರ ಏಳನೆಯ ಗೆರೆ ತೆರೆದು ತೋರಿಸಿದಳು. ಗೆರೆ ಚೆನ್ನಾಗಿಯೇ ಎದ್ದು ಬೀಳುತ್ತಿತ್ತು.

ಮನೆಗೆ ಬಂದ ಮಾರನೆಯ ಬೆಳಿಗ್ಗೆ ಅಪ್ಪ ಅವಳನ್ನು ಕರೆದ. ಅಂಗಿ ಬಿಚ್ಚಿ ಕುರ್ಚಿಯಲ್ಲಿ ಕೂತಿದ್ದ. ಕೈಯಲ್ಲಿ ಆ ಸ್ಕ್ರೂಡ್ರೈವರ್. ತುದಿಗೆ ಬಟ್ಟೆ ಸುತ್ತಿದ್ದ.

“ಬಾ, ಕಿವಿ ಇಡು.”

ಅವಳು ಬಗ್ಗಿ ಮರದ ಹಿಡಿಗೆ ಕಿವಿ ಕೊಟ್ಟಳು. ಅವನೇ ತುದಿಯನ್ನು ಬುಗುರಿ ಇರುವಲ್ಲಿ, ಪಕ್ಕೆಲುಬಿಗೆ ಒತ್ತಿ ಹಿಡಿದ. ದಬ್ ದಬ್ ಎಂದು ತಟ್ಟುವುದು ಕೇಳಿತು. ಅದರ ಹಿಂದೆ ಸಣ್ಣಗೆ ಗುಂಯ್ ಅನ್ನುವ ಸದ್ದು.

“ಏನ್ ಕೇಳ್ತು?”

“ಮಿಡಿತ. ಚೆನ್ನಾಗೈತೆ ಅಪ್ಪಾಜಿ.”

“ಅದನ್ನ ಬಿಡು. ಅದರ ಹಿಂದಿನ ರಾಗ ಕೇಳು. ಮೋಟ್ರು ನಿಧಾನ ಆಗಿ ಜೋರಾದ್ರೆ ರಾಗ ಇಳಿದು ಏರಬೇಕು. ಗಿರಣಿಗೆ ಜ್ವಾಳ ಸುರಿದಾಗ ಗೊಣಗ್ತೈತಲ್ಲ, ಹಂಗೆ. ಮೊದ್ಲು ಹಂಗೇ ಇತ್ತು. ಆಪರೇಷನ್ ಆದಾಗಿಂದ ಎಷ್ಟು ಸಲ ಕೇಳೀನಿ. ಈಗ ಕೇಳು.”

ಅವಳು ಕಣ್ಣು ಮುಚ್ಚಿದಳು. ಗುಂಯ್ ಅನ್ನುವುದು ಗೆರೆ ಎಳೆದ ಹಾಗೆ ಒಂದೇ ಸಮ. ಏರಿಲ್ಲ, ಇಳಿತವಿಲ್ಲ. ದಬ್ ದಬ್ ಬೇರೆ, ಗುಂಯ್ ಬೇರೆ. ಒಂದಕ್ಕೊಂದು ನೆಂಟಸ್ತನವೇ ಇಲ್ಲ. ಹೊರಗೆ ಯಾರೋ ಬಾಗಿಲು ತಟ್ಟುತ್ತಿದ್ದಾರೆ, ಒಳಗೆ ಫ್ಯಾನು ತನ್ನ ಪಾಡಿಗೆ ತಾನು ತಿರುಗುತ್ತಿದೆ ಎಂಬ ಹಾಗೆ.

“ಮೋಟ್ರು ಓಡ್ತೈತೆ,” ಅಂದ ಅಪ್ಪ. “ಬಡೀತಿರೋದು ಮಾತ್ರ ಬ್ಯಾರೆ ಯಾರೋ.”

ಅಜ್ಜಿ ಒಲೆಯ ಮುಂದಿನಿಂದ ತಿರುಗಿ ನೋಡಿದಳು. ಈ ಏಳು ತಿಂಗಳೂ ದಿನಾ ಬೆಳಿಗ್ಗೆ ಆ ಎದೆಯ ಮೇಲಿಟ್ಟ ಕೈಯನ್ನು ಸೆರಗಿಗೆ ಒರೆಸಿಕೊಂಡಳು. “ನಿದ್ದಿಗಣ್ಣಾಗೆ ಹೂಂ ಅಂದಂಗಾತಲ್ಲ ಇದು,” ಅಂದಳು. “ಆನೆ ಕೈಲಿ ಮೊಟ್ಟೆ ಇಡಿಸಿ ನೋಡು. ಗೊತ್ತಾಗ್ತೈತೆ.”

ಕೇಂದ್ರದ ಹಿಂಬದಿಯಲ್ಲಿ ಹೊಸಬರಿಗೆ ಕಲಿಸಲೆಂದು ಒಂದು ಪರೀಕ್ಷೆಯ ಕೋಣೆಯಿತ್ತು. ಮೇಜಿನ ಮೇಲೆ ಗಾಜಿನ ಕೊಳವೆಗಳ ಒಂದು ಸುತ್ತು, ಒಳಗೆ ರಕ್ತದಷ್ಟೇ ಮಂದವಾದ ಕೆಂಪು ನೀರು, ನಡುವೆ ಒಂದು ಬುಗುರಿ. ಒತ್ತಡ ಕಾಣಲೆಂದು ನೆಟ್ಟಗೆ ನಿಂತ ಒಂದು ತೆಳು ಕೊಳವೆ. ಬುಗುರಿ ಮಿಡಿದಾಗಲೆಲ್ಲ ಅದರೊಳಗಿನ ಕೆಂಪು ಹೆಬ್ಬೆರಳಿನಷ್ಟು ಜಿಗಿದು ಇಳಿಯುತ್ತಿತ್ತು. ಪಕ್ಕದಲ್ಲಿ ಎಂಟಾಣೆಯಗಲದ ತಟ್ಟುಬಿಲ್ಲೆ. ಕಿವಿ ಮಂದವಾದವರಿಗೂ ಅಪಾಯದ ಸೂಚನೆ ತಿಳಿಯಲೆಂದು ಅದನ್ನು ಎಲ್ಲರ ಎದೆಯ ಚರ್ಮದಡಿಯಲ್ಲೂ ಕೂರಿಸಿರುತ್ತಾರೆ. ಪಂಪಿಗೆ ಏನಾದರೂ ಆದರೆ ತಟಪಟ ಬಡಿದು ಎಬ್ಬಿಸಬೇಕು, ಅಷ್ಟೇ ಅದರ ಕೆಲಸ.

ಈ ಮೇಜಿನ ಬುಗುರಿಗೆ ‘ಸೌಮ್ಯ’ವನ್ನು ಯಾರೂ ಹಾಕಿರಲಿಲ್ಲ. ಇಂಚರ ಹಾಕಿದಳು.

ಜಿಗಿಯುತ್ತಿದ್ದ ಕೆಂಪು ನಿಂತಿತು. ಕೊಳವೆಯ ನಡುವೆ ಒಂದು ಗುರುತು ಹಿಡಿದು, ಎಣ್ಣೆಯ ಹಾಗೆ ಅಲುಗದೆ ನಿಂತಿತು. ಅದೇ ಗಳಿಗೆಗೆ ಮೇಜಿನ ಮೇಲಿನ ಬಿಲ್ಲೆ ಬಡಿಯತೊಡಗಿತು: ದಬ್, ದಬ್, ನಿಮಿಷಕ್ಕೆ ಅರವತ್ತು. ಪರದೆಯ ಗೆರೆ ಮೊದಲಿನಂತೆಯೇ ಎದ್ದು ಬೀಳುತ್ತಿತ್ತು. ಅದನ್ನು ಯಾವ ಕೊಳವೆಯೂ ಬರೆಯುತ್ತಿರಲಿಲ್ಲ, ಬಿಲ್ಲೆ ಬರೆಯುತ್ತಿತ್ತು.

ಅವಳು ಆನೆಯನ್ನು ಅಟ್ಟ ಹತ್ತಿಸಿದಳು. ಕೊಳವೆಯನ್ನು ಚಿಮುಟದಿಂದ ಅರ್ಧ ಬಿಗಿದಳು. ದಬ್ ದಬ್. ಪೂರ್ತಿ ಬಿಗಿದಳು. ದಬ್ ದಬ್. ಕೊನೆಗೆ ಬುಗುರಿಯ ತಂತಿಯನ್ನೇ ಕಿತ್ತಳು. ಚಕ್ರ ನಿಂತಿತು, ಪೆಟ್ಟಿಗೆ ಕಿರುಚಿಕೊಂಡಿತು. ಆ ಕಿರುಚಾಟದ ನಡುವೆಯೂ ಬಿಲ್ಲೆ ತನ್ನ ಪಾಡಿಗೆ, ಕಣ್ಣು ಮುಚ್ಚಿದ ಮಗುವಿನಂತೆ, ಹೂಂ, ಹೂಂ ಅನ್ನುತ್ತಲೇ ಇತ್ತು.

ಆಮೇಲೆ ಅವಳು ನೂರ ನಲವತ್ತು ಪುಟಗಳನ್ನು ಓದಿದಳು. ತೊಂಬತ್ತಮೂರನೆಯ ಪುಟದಲ್ಲಿ ಎರಡು ಸಾಲು ಇತ್ತು: ಹರಿವು ಒಂದೇ ಸಮ, ಮಿಡಿತಕ್ಕೆ ತಟ್ಟುಬಿಲ್ಲೆ. ಕೊನೆಯ ಪುಟದಲ್ಲಿ ಅವಳ ಹೆಬ್ಬೆರಳಿನ ಗುರುತು.

ಅನಸೂಯ ತನ್ನ ಕೋಣೆಯಲ್ಲಿ ಊಟದ ಡಬ್ಬಿ ತೆರೆದಿದ್ದಳು. ಇಂಚರಳ ಮುಖ ನೋಡಿದವಳೇ ಡಬ್ಬಿಯ ಮುಚ್ಚಳ ಹಾಕಿದಳು. ಅಲ್ಲಗಳೆಯಲಿಲ್ಲ. ಆ ತಯಾರಿಕೆಯ ಬುಗುರಿಗಳಲ್ಲಿ ವೇಗ ಏರಿಳಿಯುವಾಗ ಚಕ್ರ ಕೂದಲೆಳೆಯಷ್ಟು ವಾಲಿ ಗೋಡೆಗೆ ಸವರುತ್ತಿದೆ ಎಂದು ಹೋದ ವರ್ಷ ಗೊತ್ತಾಯಿತಂತೆ. ಹತ್ತು ವರ್ಷ ಬರಬೇಕಾದದ್ದು ನಾಲ್ಕು ವರ್ಷಕ್ಕೇ ಸವೆಯುತ್ತದೆ. ಸವೆದರೆ ಮತ್ತೆ ಎದೆ ತೆರೆಯಬೇಕು. ಸಮನಾಗಿ ತಿರುಗಿಸಿದರೆ ಸವೆಯುವುದಿಲ್ಲ. ಹಾಗಾಗಿ ಕಂಪನಿಯವರು ಮಿಡಿತ ನಿಲ್ಲಿಸಿದರು. ಎರಡರಲ್ಲೂ ಅಪಾಯವಿದೆ, ಯಾವುದು ಕಡಿಮೆ ಎಂದು ಬಲ್ಲವರು ತೂಗಿ ನೋಡಿದ್ದಾರೆ ಎಂದು ಅನಸೂಯ ನಿಧಾನವಾಗಿ, ಮೊದಲ ದಿನ ಪಾಠ ಹೇಳಿಕೊಟ್ಟ ದನಿಯಲ್ಲೇ ವಿವರಿಸಿದಳು.

“ಆ ಬಿಲ್ಲೆ ಯಾಕೆ ಅಕ್ಕ?”

“ಜನ ಎದೆ ಮುಟ್ಟಿ ನೋಡ್ಕೋತಾರೆ ಇಂಚರಾ. ಬಡೀದೇ ಇದ್ರೆ ಆ ಹೆದರಿಕೆಗೇ ಅರ್ಧ ಜನ ಹಾಸಿಗೆ ಹಿಡೀತಾರೆ. ನಿಮ್ಮಜ್ಜಿಯನ್ನೇ ನೋಡು.”

ಅಜ್ಜಿಯ ಹೆಸರು ಬಂದಾಗ ಇಂಚರಳಿಗೆ ಕೇಳಬಾರದೆಂದುಕೊಂಡಿದ್ದ ಮಾತು ಬಾಯಿಗೆ ಬಂದೇಬಿಟ್ಟಿತು. “ನಮ್ಮಪ್ಪನ್ನಾದ್ರೂ ಬಿಡಬಹುದಿತ್ತಲ್ಲ?”

“ಒಬ್ಬರನ್ನ ಬಿಟ್ಟಿದ್ರೆ, ಯಾಕೆ ಅಂತ ನೀನು ಕೇಳ್ತಿದ್ದೆ.”

“ಮತ್ತೆ ನನ್ನ ಕೈಲೇ ಯಾಕೆ ಒತ್ತಿಸಿದ್ರಿ? ಇನ್ನೂ ಹತ್ತು ಜನ ಇದ್ರು.”

ಅನಸೂಯ ಡಬ್ಬಿಯ ಮೇಲೆ ಬೆರಳಾಡಿಸಿದಳು. “ಅವರು ಓದ್ತಾರೆ,” ಅಂದಳು. “ನೀನು ಓದಲ್ಲ ಅಂತ ಗೊತ್ತಿತ್ತು. ನಾನು ಹೇಳಿದ್ರೆ ಸಾಕಿತ್ತು ನಿಂಗೆ.”

ಇಂಚರ ಬಸ್ಸಿನಲ್ಲಿ ಹರಿಹರದವರೆಗೂ ಆ ಮಾತನ್ನೇ ಹೊತ್ತುಕೊಂಡು ಬಂದಳು. ಮೋಸ ಮಾಡಿದ್ದಕ್ಕಿಂತ, ತನ್ನ ನಂಬಿಕೆಯನ್ನೇ ಆರಿಸಿ, ಅಳತೆ ಮಾಡಿ, ಸಲಕರಣೆಯ ಹಾಗೆ ಬಳಸಿದ್ದು ಸುಡುತ್ತಿತ್ತು. ಅದಕ್ಕಿಂತ ಸುಡುವ ಕೆಲಸ ಇನ್ನೂ ಮುಂದಿತ್ತು.

ಅಪ್ಪ ಅಂಗಡಿಯಲ್ಲಿ ಕಾಯಿಲ್ ಸುತ್ತುತ್ತಿದ್ದ. ಅವಳು ಎದುರಿಗೆ ಕೂತು ಎಲ್ಲ ಹೇಳಿದಳು: ಚಕ್ರ, ಗೋಡೆ, ಸವೆತ, ಬಿಲ್ಲೆ. ಅವನು ಸುತ್ತು ಎಣಿಸುತ್ತ ಕೇಳಿದ. ಅವಳ ಮಾತು ಮುಗಿದ ಮೇಲೆ, ತಲೆ ಎತ್ತದೆ, “ನಂದಕ್ಕೆ ಹೆಬ್ಬೆಟ್ಟು ಒತ್ತಿದ್ದು ಯಾರು?” ಅಂದ.

“ನಾನು.”

ಅಪ್ಪನ ಕೈ ನಿಂತಿತು. ಎಣಿಕೆ ತಪ್ಪಿತ್ತು. ಸುತ್ತಿದ ತಂತಿಯನ್ನೆಲ್ಲ ಒಂದೊಂದಾಗಿ ಬಿಚ್ಚಿ, ನೀವಿ, ಮೊದಲಿನಿಂದ ಸುತ್ತತೊಡಗಿದ. “ನಲವತ್ತು ವರ್ಷದಾಗೆ ಸುಟ್ಟ ಮೋಟ್ರಿಗೆ ಬಣ್ಣ ಹೊಡೆದು ಕೊಟ್ಟೋನಲ್ಲ ನಾನು,” ಅಂದ. ಬೈಗುಳವಲ್ಲ, ದೂರೂ ಅಲ್ಲ. ಅದಕ್ಕೇ ಅವಳಿಗೆ ಅಳುವುದೂ ಆಗಲಿಲ್ಲ.

ಆಮೇಲೆ ಅವನು, ತನ್ನದನ್ನು ನಿಜದ ಮಿಡಿತಕ್ಕೇ ತಿರುಗಿಸಬೇಕೆಂದ. “ಸವೆದ್ರೆ ಸವೀಲಿ. ಸವೆಯೋದೇನು ನನಗೆ ಹೊಸದಲ್ಲ. ಗೊತ್ತಿದ್ದು ಸವೀಬೇಕು, ಅಷ್ಟೇ. ಉಳಿದೋರಿಗೆ ಗೊತ್ತೈತಾ?”

ಇಲ್ಲವೆಂದು ಅವಳು ತಲೆಯಾಡಿಸಿದಳು. ಅವನು ಮತ್ತೆ ಕಾಯಿಲ್ ಕಡೆ ಬಗ್ಗಿದ. ಅಂದಿನಿಂದ ಅವಳು ಊಟಕ್ಕೆ ಕರೆದರೆ ಬರುತ್ತಿದ್ದ, ಮಾತ್ರೆ ಕೊಟ್ಟರೆ ನುಂಗುತ್ತಿದ್ದ; ಅವಳು ಏನು ಹೇಳಿದರೂ ಒಂದು ಹೂಂ ಮಾತ್ರ ಬರುತ್ತಿರಲಿಲ್ಲ.

ಆಸ್ಪತ್ರೆಯ ಡಾಕ್ಟರು ಆ ಎರಡು ಸಾಲನ್ನು ನಾಲ್ಕು ಸಲ ಓದಿ, ಬೆವರು ಒರೆಸಿಕೊಂಡು, ಕೊಟ್ರಪ್ಪನನ್ನು ಹಾಸಿಗೆಯ ಮೇಲೆ ಮಲಗಿಸಿಕೊಂಡು, ಹಳೆಯ ಮಿಡಿತ ತಿರುಗಿ ಕೊಡಿಸಿದರು. ಉಳಿದವರು ತನ್ನ ರೋಗಿಗಳಲ್ಲ, ತಾನೇನು ಮಾಡಲಿ ಅಂದರು. ಇಂಚರ ಕಂಪನಿಗೆ ಬರೆದಳು. ವಿಷಯ ಪರಿಶೀಲನೆಯಲ್ಲಿದೆ, ಅಲ್ಲಿಯವರೆಗೆ ಗೋಪ್ಯವಾಗಿಡಿ ಎಂದು ಉತ್ತರ ಬಂತು. ಅಷ್ಟರಲ್ಲಿ ಜಗಳೂರಿನ ಮೇಷ್ಟ್ರೊಬ್ಬರು ಕಪ್ಪಗೆ ಹೋಗುತ್ತಿದೆಯೆಂದು ಆಸ್ಪತ್ರೆ ಸೇರಿದ ಸುದ್ದಿಯೂ ಬಂತು.

ಯಾರ ಹರಿವನ್ನೂ ಅವರನ್ನು ಕೇಳದೆ ಮುಟ್ಟುವ ಹಕ್ಕು ತನಗಿಲ್ಲ. ಒಂದು ಸಲ ಮುಟ್ಟಿ ಆಗಿದೆ. ಆದರೆ ಸುಳ್ಳು ಹೂಂಗುಟ್ಟುವುದನ್ನು ನಿಲ್ಲಿಸಬಹುದಲ್ಲ?

ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ, ಜನ ತಿಂಡಿ ತಿಂದು, ಮನೆಯಲ್ಲಿ ನಾಲ್ಕು ಮಂದಿ ಎಚ್ಚರವಿರುವ ಹೊತ್ತು ನೋಡಿ, ಇಂಚರ ತನ್ನ ಜಾಗದಲ್ಲಿ ಕೂತಳು. ತಾನೇ ಬರೆದ ಸೂಚನೆ ಮೂರು ಸಾಲಿನದು. ಅದನ್ನು ಮೇಜಿನ ಬುಗುರಿಗೆ ಹಾಕಿ ನೋಡಿದ್ದಳು, ಮತ್ತೂ ಮೂರು ಸಲ ಓದಿದಳು. ಬಿಲ್ಲೆ ಅಪಾಯ ಬಂದರೆ ಮಾತ್ರ ಬಡಿಯಲಿ. ಹರಿವು ಇದ್ದಂತೇ ಇರಲಿ. ಪೆಟ್ಟಿಗೆ ಗಟ್ಟಿಯಾಗಿ ಹೇಳಲಿ: ‘ಹೆದರಬೇಡಿ, ನಿಮ್ಮ ರಕ್ತ ಹರಿಯುತ್ತಿದೆ. ಕುಳಿತುಕೊಂಡು ಕೇಂದ್ರಕ್ಕೆ ಫೋನು ಮಾಡಿ.’ ಮತ್ತೆ ಹೆಬ್ಬೆರಳು ಒತ್ತತೊಡಗಿದಳು. ನಾನೂರ ಹನ್ನೊಂದು ಸಲ. ಈ ಸಲ ಒಬ್ಬೊಬ್ಬರ ಹೆಸರನ್ನೂ ಮನಸ್ಸಿನಲ್ಲೇ ಹೇಳಿಕೊಂಡಳು.

ಗೋಡೆಯ ಪರದೆಗಳ ಮೇಲೆ ತೆರೆಗಳು ಒಂದೊಂದಾಗಿ ಮಲಗಿದವು. ಹೊಳೆ ನಿಂತ ನೀರಾಯಿತು. ಹೊನ್ನಾಳಿಯಲ್ಲಿ, ಹಡಗಲಿಯಲ್ಲಿ, ಎಲ್ಲೆಲ್ಲೋ ಅಡುಗೆಮನೆಗಳಲ್ಲಿ, ಅಂಗಡಿಗಳಲ್ಲಿ ನಾನೂರ ಹನ್ನೊಂದು ಕೈಗಳು ಎದೆಗೆ ಹೋದವು.

ಮೊದಲ ಫೋನು ಹೊನ್ನಾಳಿಯ ಟೈಲರನದು. ತಾನು ಬದುಕಿದ್ದೇನೋ ಇಲ್ಲವೋ ಹೇಳಬೇಕೆಂದು ಕೇಳಿದ.

“ಬದುಕಿದ್ದೀರಿ ಅಣ್ಣ. ಕೂತ್ಕೊಳ್ಳಿ. ನೀರು ಕುಡೀರಿ. ಒಂದು ಕಥೆ ಹೇಳಬೇಕು ನಿಮಗೆ. ನಾನು ಮಾಡಿದ್ದೂ ಅದರಲ್ಲೈತೆ. ನೀವು ಕೇಳ್ತಿದ್ದೀರಿ ಅಂತ ನನಗೆ ಗೊತ್ತಾಗಬೇಕು, ನಡುನಡುವೆ ಹೂಂ ಅನ್ನಿ.”

ಆ ಕಡೆ ಕುರ್ಚಿ ಎಳೆದ ಸದ್ದು, ಆಮೇಲೆ, “ಹೂಂ.”

ಅನಸೂಯ ಓಡಿಬಂದು ಬಾಗಿಲಲ್ಲಿ ನಿಂತಿದ್ದಳು. ಕೋಣೆಯ ಹನ್ನೆರಡು ಫೋನುಗಳೂ ಒಟ್ಟಿಗೆ ಬಡಿದುಕೊಳ್ಳುತ್ತಿದ್ದವು. ಅವಳು ಹತ್ತಿರದ ಒಂದಕ್ಕೆ ಕೈ ಚಾಚಿದಳು, ಎತ್ತಲಿಲ್ಲ. ಚಾಚಿದ ಕೈಯನ್ನು ಹಾಗೇ ಹಿಂದಕ್ಕೆಳೆದುಕೊಂಡು, ಇಂಚರಳ ಕಡೆ ನೋಡದೆ ಹೊರಗೆ ಹೋದಳು. ಉಳಿದ ಹುಡುಗ ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿ, ಒಂದೊಂದು ಫೋನಿನ ಮುಂದೆ ಕೂತರು.

ಕೆಲವರು ಅತ್ತರು. ಹಡಗಲಿಯ ಸಾಹುಕಾರ್ತಿ ಹುಟ್ಟಿದ ದಿನದಿಂದ ಹಿಡಿದು ಬೈದಳು. ಬೈದು ಮುಗಿಸಿ, ಈಗ ಯಾವ ಡಾಕ್ಟರ ಹತ್ತಿರ ಹೋಗಲಿ ಎಂದು ಕೇಳಿದಳು. ಒಬ್ಬ ಮುದುಕ ಕಥೆಯ ನಡುವೆಯೇ ಫೋನು ಇಟ್ಟ. ಸಂಜೆ ನಾಲ್ಕರ ಹೊತ್ತಿಗೆ ಕಂಪನಿಯವರು ಬಂದು ಇಂಚರಳ ಗುರುತಿನ ಚೀಟಿ ಕಿತ್ತುಕೊಂಡರು. ಅಷ್ಟರಲ್ಲಿ ಮುನ್ನೂರ ತೊಂಬತ್ತು ಮಂದಿಗೆ ಕಥೆ ಹೇಳಿಯಾಗಿತ್ತು.

ಮನೆಗೆ ಬಂದಾಗ ದೀಪ ಹಚ್ಚುವ ಸಮಯ. ಅಪ್ಪ ಕಟ್ಟೆಯ ಮೇಲೆ ಕೂತಿದ್ದ. ಮುಖಕ್ಕೆ ಸ್ವಲ್ಪ ರಕ್ತ ಬಂದಿತ್ತು. ಅವಳು ಒಂದು ಮಾರು ದೂರ ಕೂತು, ಆವತ್ತು ನಡೆದದ್ದನ್ನೆಲ್ಲ ಹೇಳತೊಡಗಿದಳು. ಟೈಲರನದು, ಸಾಹುಕಾರ್ತಿಯದು, ಎತ್ತದ ಫೋನಿನದು. ಅಪ್ಪ ರಸ್ತೆ ನೋಡುತ್ತಿದ್ದ. ಹೂಂ ಇಲ್ಲ. ಹೂಂ ಇಲ್ಲದ ಕಥೆ ಎಷ್ಟು ದೂರ ಹೋದೀತು? ಅವಳ ಮಾತು ಬಾವಿಕಟ್ಟೆಯ ಮೇಲೆ ಒಂದು ಕಾಲಿಟ್ಟು ನಿಂತಿತು.

ಅಜ್ಜಿ ಹೊರಗೆ ಬಂದಳು. ಇಬ್ಬರನ್ನೂ ನೋಡಿದಳು. ಇಂಚರಳ ಮಣಿಕಟ್ಟು ಹಿಡಿದು ಎಳೆದು, ಆ ಕೈಯನ್ನು ಮಗನ ಎದೆಯ ಮೇಲೆ ಒತ್ತಿ ಇಟ್ಟಳು. ಅಪ್ಪ ಕೈ ಸರಿಸಲಿಲ್ಲ, ತಿರುಗಿಯೂ ನೋಡಲಿಲ್ಲ. ಅಂಗೈ ಅಡಿಯಲ್ಲಿ ಬಡಿತ ಮೊದಲಿನಷ್ಟು ಗಟ್ಟಿಯಾಗಿರಲಿಲ್ಲ. ದೂರದಿಂದ ಬಂದಂತೆ, ಮೆತ್ತಗೆ, ಗುಂಯ್ ಅನ್ನುವುದು ಇಳಿದು, ಏರಿ, ಇಳಿದು, ಏರಿ, ಸವೆಯುತ್ತ ಬರುತ್ತಿತ್ತು.

ಇಂಚರ ಉಸಿರೆಳೆದುಕೊಂಡಳು.

“ಆಮೇಲೆ,” ಅಂದಳು, “ರಾಜನ ಆನೆ ಬಂದು, ಅಟ್ಟದ ಮೇಲೆ ಮೊಟ್ಟೆ ಇಟ್ಟಿತು.”

ಒಂದು ಲಾರಿ ಹೋಯಿತು. ಅದರ ಧೂಳು ಇಳಿಯಿತು.

“ಸುಳ್ಳು,” ಅಂದ ಅಪ್ಪ.

ಅಜ್ಜಿ ಸೆರಗು ಹೊದ್ದು, ಕಟ್ಟೆಯ ತುದಿಯಲ್ಲಿ ಕೂತಳು. “ಎಚ್ಚರಿದ್ದಾನೆ,” ಅಂದಳು. “ಮುಂದಕ್ಕೆ ಹೇಳು.”